ಕಾಡಿಗೆಯ ಚಾಟಿ ಬೀಸಿದ ಕಾಕಾ

ಹಾರೂಗೇರಿಯ ಆಚೆ, ನಮ್ಮ ಕಾಕಾನ ಹೊಲದ ಬದುವಿನ ಮೇಲೆ ಮಹಾಯುದ್ಧವೊಂದು ನಡೆಯಿತು. ಕಾರಣ, ಒಂದು ಶಿಲೀಂಧ್ರ. ಚಿಕ್ಕೋಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನ್ನನ್ನು ಸಂಧಾನಕ್ಕೆ ಕರೆಸಿದ್ದರು. ಎಡ ಹುಬ್ಬಿನ ಮೇಲಿನ ನಾಲ್ಕು ಹೊಲಿಗೆ ಆ ಸಂಧಾನದ ಪದಕ.

ಕಾಕಾ ಬೀಜಕ್ಕೆಂದು ಬಿಟ್ಟಿದ್ದ ಕಬ್ಬಿನ ಅರ್ಧ ಪಟ್ಟಿಯಲ್ಲಿ ಸುಳಿಯ ಬದಲು ಕರಿ ಚಾಟಿಗಳು ಎದ್ದಿದ್ದವು. ಕಾಡಿಗೆ ರೋಗ. ಮುಟ್ಟಿದರೆ ಮಸಿ ಹಾರುತ್ತಿತ್ತು. ಉಳಿದರ್ಧವೂ ಕೆಟ್ಟರೆ ಮುಂದಿನ ನಾಟಿಗೆ ಬೀಜವೇ ಇಲ್ಲ. ಬಾಜೂ ಹೊಲದ ಜೋಳದ ತೆನೆಯಲ್ಲೂ ಕರಿ ಪುಡಿಯಿತ್ತು. ಕಾಕಾನಿಗೆ ಅಷ್ಟು ಸಾಕ್ಷಿ ಸಾಕು. ನಾನು ತಲುಪುವಷ್ಟರಲ್ಲಿ ಆರು ಸಾಲು ಜೋಳ ಕುಡಗೋಲಿಗೆ ಬಲಿಯಾಗಿತ್ತು.

“ನಿನ್ನ ಜ್ವಾಳದ ಹೊಲಸು ನನ್ನ ಕಬ್ಬಿಗೆ ಹತ್ತೈತಲೇ.”

ಬಾಜೂ ಹೊಲದವ ಉತ್ತರವನ್ನು ಬಡಿಗೆಯಿಂದ ಕೊಟ್ಟ. ಕಾಕಾನ ಬಲ ಮುಂಗೈ ಹಸಿ ಕಬ್ಬಿನ ಸದ್ದಿನಲ್ಲೇ ಮುರಿಯಿತು, ಕುಡಗೋಲು ಹಾರಿ ವೈರಿಯ ಕಾಲ ಬಳಿ ಬಿತ್ತು.

ನಾನು ನಡುವೆ ನಿಂತು ಪಾಠ ಆರಂಭಿಸಿದೆ. “ಕಾಕಾ, ನೋಡಾಕ ಎರಡೂ ಒಂದ ಮಸಿ. ಆದ್ರ ಜ್ವಾಳದ ಕಾಡಿಗೆ ಬ್ಯಾರೆ, ಕಬ್ಬಿಂದ ಬ್ಯಾರೆ. ಒಂದರ ಮನಿಗೆ ಇನ್ನೊಂದು ಹೋಗೂದಿಲ್ಲ. ನೀ ಕೊಯ್ದ ಬುಡದಾಗ ಮತ್ತ ಚಿಗುರಿದ ಹಳೇ ಕುಳೆ ಕಬ್ಬಿನ ಬೀಜ ಹಚ್ಚಿದ್ಯಲ್ಲ, ರೋಗ ಅದರಾಗ ಇತ್ತು.”

“ಮಾಸ್ತರ, ನೀ ಯಾರ ಕಡೆ?” ಎಂದ ಕಾಕಾ.

ನಾನು ಯೋಚಿಸುತ್ತಿದ್ದಾಗ ಬಡಿಗೆಯ ಎರಡನೆಯ ಏಟು ನನ್ನ ಹುಬ್ಬಿಗೆ ಬಿತ್ತು.

ಮಸಿ ಹಾರದಂತೆ ಈ ಚಾಟಿಗೆ ಮೊದಲು ಚೀಲ ಮುಚ್ಚಬೇಕು, ಆಮೇಲೆ ಕೊಯ್ದು ಸುಡಬೇಕು. ಕಾಕಾನಿಗೂ ಇದು ಗೊತ್ತು. ಆದರೆ ಕೈಗೆ ಎಟಕಿದ ಆಯುಧ ಅದೊಂದೇ. ಎಡಗೈಯಿಂದ ಕಿತ್ತು ವೈರಿಯ ಮುಖಕ್ಕೆ ಬಾರಿಸಿದ. ಒಂದು ತುಂಡಾದರೆ ಇನ್ನೊಂದು ಕಿತ್ತ. ವೈರಿ ಕಣ್ಣುಜ್ಜುತ್ತ ಕುಸಿದ, ಅವನ ಮೂಗಿನ ರಕ್ತ ಮಸಿಯಲ್ಲಿ ಬೆರೆಯಿತು. ಗಾಳಿ ಜೋಳದ ಕಡೆಯಿಂದ ಬೀಸುತ್ತಿತ್ತು. ಹಾರಿದ ಮಸಿಯೆಲ್ಲ ಕಾಕಾನ ಚೊಕ್ಕ ಕಬ್ಬಿನ ಮೇಲೆ ಹೋಗಿ ಕುಳಿತಿತು. ಯುದ್ಧ ಗೆದ್ದೆನೆಂದು ಅವನು ನಂಬಿದ್ದ.

ನಾಲ್ಕು ತಿಂಗಳಲ್ಲಿ ಆ ಚೊಕ್ಕ ಅರ್ಧದಲ್ಲೂ ಚಾಟಿಗಳೆದ್ದವು. ಬಾಜೂ ಹೊಲದವ ಜೋಳದ ರಾಶಿ ಮುಗಿಸಿ, ಖಾಲಿ ಹೊಲದ ಬದುವಿಗೆ ಬಂದು ನಿಂತ.

“ಈಗ ನನ್ನ ಹೊಲದಾಗ ಒಂದು ಜ್ವಾಳದ ದಂಟೂ ಇಲ್ಲ. ಇದು ಯಾರ ಹೊಲಸೋ?”

ಕಾಕಾ ಕುಡಗೋಲು ಎತ್ತಿದ. ನಾನು ಹುಬ್ಬು ಮುಚ್ಚಿಕೊಂಡು ಹಿಂದೆ ಸರಿದೆ. ಅವನು ತಿರುಗಿ ತನ್ನ ಕಬ್ಬಿಗೇ ಬೀಸಿದ, ಬುಡದಿಂದ, ಸಾಲು ಸಾಲಾಗಿ, ಕಪ್ಪು ಮೋಡದೊಳಗೆ.

“ಚೀಲ, ಕಾಕಾ, ಚೀಲ” ಎನ್ನುತ್ತ ನಾನು ಅವನ ಹಿಂದೆ ಓಡಿದೆ.