ಗಾಣ ನಿಲ್ಲಿಸುವ ಹಲಗೆ

ಗಂಡ ತೀರಿಕೊಂಡ ಮೇಲೆ ರಜೆ ಮುಗಿಸಿ ಶಾಲೆಗೆ ಹೋದರೆ ಹೆಡ್ಮಾಸ್ಟರು ನನ್ನ ಕೈಗೊಂದು ಬೀಗದ ಕೈ ಕೊಟ್ಟರು. ಮದ್ದೂರು ಕಡೆಯ ಕೊಪ್ಪದ ಹತ್ತಿರದ ನಮ್ಮ ಹೈಸ್ಕೂಲಿಗೆ ಹೊಸದಾಗಿ, ಮಕ್ಕಳು ತಾವೇ ಏನಾದರೂ ಮಾಡಿ ಕಲಿಯುವ ಡಿಸೈನ್ ಲ್ಯಾಬು ಬಂದಿತ್ತು.

"ಸೈನ್ಸಿಗೆ ನೀವೇ ತಾನೆ ಮೇಡಂ, ನೋಡ್ಕಳಿ. ಮನ್ಸಿಗೂ ಒಸಿ ಬದ್ಲಾವಣೆ ಆಯ್ತದೆ" ಅಂದರು.

ಮನಸ್ಸಿಗೆ ಏನೂ ಆಗಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಆಗುತ್ತಿರಲಿಲ್ಲ. ಅಳುವೂ ಬರುತ್ತಿರಲಿಲ್ಲ. ಮದ್ದೂರಿನಲ್ಲಿ ಬಸ್ಸು ಹತ್ತುತ್ತಿದ್ದೆ, ಇಳಿಯುತ್ತಿದ್ದೆ, ಪಾಠ ಮಾಡುತ್ತಿದ್ದೆ. ನೆಂಟರು ಇದನ್ನು ಧೈರ್ಯ ಎಂದು ಹೊಗಳಿದರು. ಹೊಗಳಿದರೆ ಹೊಗಳಲಿ ಎಂದುಕೊಂಡೆ.

ಲ್ಯಾಬಿಗೆಂದು ಕೊಟ್ಟ ತರಬೇತಿಯಲ್ಲಿ ಕೇಳಿದ್ದನ್ನೇ ಮಕ್ಕಳಿಗೆ ಒಪ್ಪಿಸಿದೆ. ಯಾರಿಗಾಗಿ ಮಾಡುತ್ತೀರೋ ಮೊದಲು ಅವರನ್ನು ಕೇಳಿ, ಆಮೇಲೆ ಚಿತ್ರ ಬರೆಯಿರಿ, ರಟ್ಟಿನಲ್ಲಿ ಮಾಡಿ ನೋಡಿ, ಕೆಟ್ಟರೆ ಮತ್ತೆ ಮಾಡಿ. ಮಕ್ಕಳಿಗೆ ಬೇಕಾಗಿದ್ದು ಡ್ರೋನು. ಹತ್ತನೇ ತರಗತಿಯ ಒಬ್ಬ ಹುಡುಗಿ ಮಾತ್ರ ಆಲೆಮನೆಯ ಗಾಣ ನಿಲ್ಲಿಸುವಂಥದ್ದೇನಾದರೂ ಮಾಡಬೇಕು ಎಂದಳು.

"ನಮ್ಮವ್ವ ಗಾಣಕ್ಕೆ ಕಬ್ಬು ಕೊಡ್ತದೆ ಮಿಸ್. ಎಡಗೈಲಿ ಎಲ್ಡು ಬೆಳ್ಳು ಓಗವೆ. ಅವತ್ತು ನಾನು ಅಲ್ಲೇ ಇದ್ದೆ. ಓಡ್ದೆ. ಸ್ವಿಚ್ಚು ಆ ಕಡೆ ಗೋಡೆಲಿತ್ತು."

ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು. ಅವಳ ತಾಯಿ ಈಗಲೂ ಅದೇ ಗಾಣದ ಮುಂದೆ ಕೂರುತ್ತಾಳಂತೆ. ನನಗೆ ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ನಾನೂ ಓಡಿದವಳೇ. ಬಚ್ಚಲಲ್ಲಿ ಬಿದ್ದಿದ್ದ ಗಂಡನನ್ನು ಬಿಟ್ಟು ಗಾಡಿ ಹುಡುಕಿಕೊಂಡು ಬೀದಿಗೆ ಓಡಿದ್ದೆ. ವಾಪಸು ಬರುವಷ್ಟರಲ್ಲಿ ಉಸಿರು ನಿಂತಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಗೋಡೆ ಎಷ್ಟು ದೂರ ಎಂದು ಕೇಳಿದೆ.

ಕೈ ಸಿಕ್ಕಿಕೊಂಡರೂ ಕಾಲು ಬಿಡುವಾಗಿರುತ್ತದಲ್ಲ ಎಂದು ಹೊಲಿಗೆ ಮಿಷನ್ನಿನಂಥ ಪೆಡಲು ಮಾಡಿದೆವು. ಒತ್ತಿದರೆ ಮೋಟಾರು ನಿಲ್ಲಬೇಕು. ತಾಯಿ ಕೂರುವ ಎತ್ತರ, ಕಾಲು ಚಾಚುವ ದೂರ ಎಲ್ಲವನ್ನೂ ಹುಡುಗಿ ಕೇಳಿಕೊಂಡು ಬಂದಳು. ಮಂಡ್ಯದ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನವೂ ಬಂತು, ಸ್ಟೀಲಿನ ಟಿಫಿನ್ ಡಬ್ಬಿ. ಎಲ್ಲರೂ ಚಪ್ಪಾಳೆ ತಟ್ಟಿದರು ಎಂದು ನಾನೂ ತಟ್ಟಿದೆ.

ಮದ್ದೂರಿನ ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು ಆಲೆಮನೆಗೆ ಹೋದೆವು. ಅಲ್ಲಿನ ಯಜಮಾನರು, "ಏನಾರ ಮಾಡ್ಕಳಿ ಮೇಡಂ, ಗಾಣ ಮಾತ್ರ ನಿಲ್ಲುಸ್ಬ್ಯಾಡಿ" ಅಂದರು. ನಿಲ್ಲಿಸೋಕೇ ಬಂದಿರೋದು ಎಂದೆ.

ಪೆಡಲು ಕಂಡದ್ದೇ ತಾಯಿ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು. ಗಾಣದ ಮೇಲೆ ಬೆಳಗಿನ ಅರಿಸಿನ ಕುಂಕುಮ ಇನ್ನೂ ಹಸಿಯಾಗಿತ್ತು.

"ಅನ್ನ ಕೊಡೋ ಗಾಣನ ಕಾಲಲ್ಲಿ ಒದೀಲಾ? ಆಗಕಿಲ್ಲ ಕಣವ್ವ."

"ಇರೋ ಬೆಳ್ಳೂ ಓದ್ರೆ?" ಎಂದಳು ಮಗಳು.

"ಓದ್ರೆ ಓಗ್ಲಿ ಬುಡು ಅತ್ಲಾಗೆ."

ಮೊರಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲೇ ನಾನು ಬೆಳೆದದ್ದು. ಹುಡುಗಿಯೂ ಅಷ್ಟೇ, ಬಹುಮಾನ ಕೊಟ್ಟವರೂ ಈ ಕಡೆಯವರೇ. ಆದರೂ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಲ್ಯಾಬಿನ ಮೇಜಿನ ಮೇಲಿದ್ದಾಗ ಅದು ಬರೀ ಪೆಡಲಾಗಿತ್ತು.

ಹುಡುಗಿ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕುಳಿತು ಸಂಜೆಯವರೆಗೂ ತಾಯಿ ಕಬ್ಬು ಕೊಡುವುದನ್ನೇ ನೋಡಿದಳು. ಮಾರನೆಯ ದಿನ ಬಂದು, "ಮಿಸ್, ಕೈ ಮುಂದುಕ್ಕೋದ್ರೆ ಎದೆನೂ ಮುಂದುಕ್ಕೆ ಬತ್ತದೆ. ಎದೆಗೇ ಒಂದು ಅಡ್ಡ ಕಟ್ಟವ" ಅಂದಳು.

ಕಾಲೂ ಬೇಡ, ಯೋಚನೆಯೂ ಬೇಡ. ತಾಯಿಯ ಎದೆಯ ಮುಂದೆ ಅಡ್ಡಲಾಗಿ ಒಂದು ಹಲಗೆ. ಬೆರಳು ಗಾಣದ ಉರುಳೆಗೆ ಸಿಗುವ ಮೊದಲೇ ಎದೆ ಹಲಗೆಗೆ ತಾಗಬೇಕು, ತಾಗಿದರೆ ಮೋಟಾರು ನಿಲ್ಲಬೇಕು. ರಟ್ಟಿನಲ್ಲಿ ಮಾಡಿದೆವು, ಕೆಟ್ಟಿತು. ಮತ್ತೆ ಮಾಡಿದೆವು. ಕೊನೆಗೆ ಎಲೆಕ್ಟ್ರಿಷಿಯನ್ ತಂತಿ ಜೋಡಿಸಿದ.

ಹಲಗೆಯನ್ನು ಪರೀಕ್ಷಿಸುವ ದಿನ ತಾಯಿ ಅದಕ್ಕೆ ತಾನೇ ಕುಂಕುಮ ಇಟ್ಟಳು. ಉದ್ದದ ಕಬ್ಬೊಂದನ್ನು ಗಾಣಕ್ಕೆ ಕೊಟ್ಟು ಬಿಡದೆ ಹಿಡಿದುಕೊಂಡಳು. ಗಾಣ ಕಬ್ಬನ್ನು ಎಳೆಯಿತು, ಕಬ್ಬು ಅವಳನ್ನು ಎಳೆಯಿತು. ಎದೆ ಹಲಗೆಗೆ ತಾಗಿತು. ಗಾಣ ನಿಂತಿತು. ಉಳಿದ ಬೆರಳುಗಳು ಉರುಳೆಯಿಂದ ಒಂದು ಮೊಳ ದೂರದಲ್ಲಿದ್ದವು.

ಹುಡುಗಿ ಎಲ್ಲಿ ಎಂದು ಹುಡುಕಿದೆ. ಅವಳು ಆ ಕಡೆ ಗೋಡೆಯ ಹತ್ತಿರ ನಿಂತಿದ್ದಳು. ಮೊದಲಿನಿಂದಲೂ ಅಲ್ಲೇ ಇದ್ದಳು ಅಂತ ಕಾಣುತ್ತದೆ, ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು. ಗಾಣ ನಿಂತ ಮೇಲೂ ಆ ಕೈ ತೆಗೆದಿರಲಿಲ್ಲ.

ತಾಯಿ ತಿರುಗಿ ನೋಡಿದಳು. "ಬಾ ಮಗ ಈಕಡೆ. ಇನ್ನು ನೀನು ಓಡ್ಬೇಕಾಗಿಲ್ಲ ಕಣವ್ವ."

ಹೇಳಿದ್ದು ಮಗಳಿಗೆ. ನಾನು ಸಿಪ್ಪೆಯ ರಾಶಿಯ ಮೇಲೆ ಕುಳಿತು, ಗಂಡ ಸತ್ತ ಮೇಲೆ ಮೊದಲ ಸಲ ಅತ್ತೆ.