ಬಾಕಿ ಸಹಿಸದ ಯಜಮಾನರು
ಮಂಚ, ಮೇಜು ಮಾರುವ ಅಂಗಡಿಯ ಯಜಮಾನರಿಗೆ ಕುರ್ಚಿಗಳಿಗೇನೂ ಬರವಿಲ್ಲ, ಕೂರುವ ಯೋಗವಿಲ್ಲ ಅಷ್ಟೇ. ಗಿರಾಕಿ ಮುಂಗಡ ಕೊಟ್ಟರೆ ಬೇರೆ ವ್ಯಾಪಾರಿಗಳು ಹಿಗ್ಗುತ್ತಾರೆ. ಇವರಿಗೆ ಅಂಗಾಲಿಗೆ ಮುಳ್ಳು ಹೊಕ್ಕಂತಾಗುತ್ತದೆ. “ಇದನ್ನ ಆದಾಯ ಅಂತ ಬರೀಬೇಡ ಕಣಯ್ಯಾ, ಹೊಣೆ ಅಂತ ಬರಿ. ಮಂಚ ಅವರ ಮನೆ ಸೇರೋವರೆಗೂ ಈ ದುಡ್ಡು ನಮ್ಮದಲ್ಲ” ಎಂದು ಗುಮಾಸ್ತನಿಗೆ ಹೇಳಿ, ಬಡಗಿಯ ಬೆನ್ನ ಹಿಂದೆ ಶತಪಥ ಹಾಕುತ್ತಾರೆ. ಮರದ ಮಂಡಿಯವನು ತಿಂಗಳ ಗಡುವು ಕೊಟ್ಟರೆ ವಾರದಲ್ಲೇ ಹಣ ಹಿಡಿದು ಹೋಗಿ ಅವನ ಬಾಗಿಲು ತಟ್ಟುತ್ತಾರೆ. “ಸಾಲಗಾರರು ನಮ್ಮನ್ನ ಕಂಡು ಓಡ್ತಾರೆ ಸಾಹುಕಾರ್ರೇ, ನಿಮ್ಮನ್ನ ಕಂಡ್ರೆ ನಾವೇ ಓಡ್ಬೇಕು” ಎಂದು ಅವನು ನಗುತ್ತಾನೆ. ಪಕ್ಕದಂಗಡಿಯವನು ಚಹಾ ಕೊಡಿಸಿದರೆ ಸಂಜೆಯೊಳಗೆ ಎರಡು ಲೋಟ ಚಹಾ ವಾಪಸು ಹೋಗುತ್ತದೆ. ಇವರು ಸೀನಿದಾಗ ಯಾರಾದರೂ “ನೂರು ವರ್ಷ” ಎಂದು ಹರಸಿಬಿಟ್ಟರೆ, ಅವರೂ ಸೀನಲಿ ಎಂದು ಮುಖ ನೋಡುತ್ತಾ ನಿಲ್ಲುತ್ತಾರೆ. ಇಂಥವರಿಗೂ ತೀರಿಸಲಾಗದ ಬಾಕಿ ಒಂದಿದೆ: ಈ ಅಂಗಡಿ ಹಾಕಲೆಂದು ಅಕ್ಕ ತನ್ನ ಹೊಲಿಗೆ ಯಂತ್ರ ಮಾರಿ ಕೊಟ್ಟ ಹಣದ ಕೊನೆಯ ಕಂತು. ಪ್ರತಿ ಭಾನುವಾರ ಅದನ್ನು ಹಿಡಿದು ಅವಳ ಮನೆಗೆ ಹೋಗುತ್ತಾರೆ, ಅಕ್ಕ ಮುಟ್ಟುವುದೇ ಇಲ್ಲ. “ಲೆಕ್ಕ ಚುಕ್ತಾ ಆದ್ಮೇಲೆ ಯಾರ ಮನೆಗಾದ್ರೂ ನೀನು ಹೋಗಿದ್ದುಂಟೇನೋ? ಇಷ್ಟು ನಿನ್ನ ಮೇಲೇ ಇರ್ಲಿ.”