ಅತ್ತೆಯನ್ನು ತಂಪಿಗೆ ಹೊರಡಿಸಿದ್ದು

ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸದವಳಾದ್ದರಿಂದ ಗಲ್ಲಿಗೆಲ್ಲ ಅವಳು ಗುಂಡಿಯಕ್ಕ. ಬಿಸಿಲ ಬೇಗೆಗೆ ಏನು ಮಾಡೋಣವೆಂದು ನಗರಸಭೆಯವರು ಗಲ್ಲಿಯವರನ್ನೇ ಕೂರಿಸಿಕೊಂಡು ಕೇಳಿದಾಗ, ಗಂಡಸರು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಅವಳು ಎದ್ದೇಬಿಟ್ಟಳು.

"ತಗಡಿನ ಮನೇಲಿ ಮಧ್ಯಾಹ್ನ ಇರೋಕಾಗಲ್ಲ ಸಾರ್. ಶಾಲೆ ಹಿಂದಿನ ಹಳೇ ಗೋದಾಮು ತಣ್ಣಗಿದೆ, ಅದನ್ನ ಕೊಡಿ. ಫ್ಯಾನ್ ಹಾಕ್ಸಿ, ನೀರಿಡ್ಸಿ. ವಯಸ್ಸಾದವರು ಬಂದು ಕೂರ್ತಾರೆ."

ಅವಳಿಗೆ ಅದು ಊರಿನ ಮಾತಲ್ಲ, ಮನೆಯ ಮಾತು. ಹೋದ ಬೇಸಿಗೆಯಲ್ಲಿ ಅತ್ತೆ ಆ ತಗಡಿನಡಿಯೇ ಕುಸಿದುಬಿದ್ದಿದ್ದಳು. ಇನ್ನೊಂದು ಸಲ ಹೀಗಾದರೆ ಉಳಿಸುವುದು ಕಷ್ಟ ಎಂದಿದ್ದರು ಡಾಕ್ಟರು.

ಗೋದಾಮು ಸಿಕ್ಕಿತು. ಫ್ಯಾನುಗಳು ತಿರುಗಿದವು, ಕೊಡಗಳು ತುಂಬಿದವು. ಒಂದು ನರಪಿಳ್ಳೆಯೂ ಬರಲಿಲ್ಲ! ಅತ್ತೆಯಂತೂ ಜಗ್ಗಲಿಲ್ಲ, ಬಗ್ಗಲಿಲ್ಲ.

"ಹಾಡಹಗಲು ಊರವರ ಫ್ಯಾನ್ ಕೆಳಗೆ ಬಿದ್ಕೊಳ್ಳೋಕೆ ನಾನೇನು ಗತಿಗೆಟ್ಟೋಳಾ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ!"

ಗುಂಡಿಯಕ್ಕನಿಗೆ ಆಗ ಹೊಳೆಯಿತು. ದುಡಿದು ದುಡಿದೇ ಸವೆದ ಈ ಜನಕ್ಕೆ ಹಗಲು ಸುಮ್ಮನೆ ಕೂರುವುದೆಂದರೆ ಮರ್ಯಾದೆಗೇಡು. ಅಯ್ಯೋ ನನ್ನ ಬುದ್ಧಿಗಿಷ್ಟು, ಎಲ್ಲ ಕೇಳಿ ಕೂರೋಕೊಂದು ನೆಪ ಕೇಳಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡಳು.

ಮರುದಿನ ಅಂಗಿಗಳ ಮೂಟೆಯನ್ನು ಗೋದಾಮಿಗೇ ಹೊತ್ತು ಹೊರಟಳು. ಮನೆಯ ಬಾಗಿಲಲ್ಲಿ ನಿಂತು ಅತ್ತೆಗೆ ಕೇಳುವಂತೆ, "ಈ ಸಲ ರಾಶಿ ಕೆಲಸ. ಎದುರುಮನೆ ಅಜ್ಜೀನ ಕರ್ಕೊಳ್ತೀನಿ. ಗುಂಡಿ ಹಚ್ಚೋದ್ರಲ್ಲಿ ಅವರನ್ನ ಮೀರಿಸೋರಿಲ್ಲ ಬಿಡಿ" ಎಂದಳು.

"ಅವಳಾ? ಅವಳು ಹಚ್ಚಿದ ಗುಂಡಿ ಸೀನಿದ್ರೆ ಉದುರುತ್ತೆ!" ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಅತ್ತೆ ಬಂದಳೆಂದು ಎದುರುಮನೆ ಅಜ್ಜಿ ಬಂದಳು. ಅವರಿಬ್ಬರ ಜಗಳ ನೋಡಲು ಉಳಿದವರು ಬಂದರು; ಬಂದವರ ಕೈಗೆಲ್ಲ ಸೂಜಿ ದಾರ. ಕಾಗೆಯೂ ಹಾರದಂಥ ಬಿಸಿಲು ಬಂತು, ಹೋಯಿತು. ಗಲ್ಲಿಯ ಒಬ್ಬರೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ.

ಮಳೆಗಾಲದಲ್ಲಿ ನಗರಸಭೆಯ ಅಧಿಕಾರಿ ಮತ್ತೆ ಬಂದು, "ಮುಂದಿನ ಬೇಸಿಗೆಗೆ ಏನೇನು ಮಾಡೋಣ? ಯಾರು ಹೇಳ್ತೀರಿ?" ಎಂದು ಕೇಳಿದರು. ಯಾರೋ ಒಬ್ಬ ಏಳಲು ಹೋದ.

"ನೀನು ಕೂತ್ಕೊಳ್ಳೋ!" ಅತ್ತೆ ಗದರಿಸಿದಳು. ಮನೆಗೆ ಬಂದಾಗಿನಿಂದ ಸೊಸೆಯನ್ನು ಅಪ್ಪಿತಪ್ಪಿಯೂ ಹೊಗಳದವಳು ಅವಳು. "ನಮ್ಮ ಸೊಸೆ ಹೇಳ್ತಾಳೆ, ಬರ್ಕೊಳ್ಳಿ. ಇವತ್ತು ನಾನಿಲ್ಲಿ ಕೂತಿದ್ದೀನಿ ಅಂದ್ರೆ ಅದು ಅವಳ ಬುದ್ಧಿ." ಆಮೇಲೆ ಸೊಸೆಯತ್ತ ತಿರುಗಿದಳು. "ಎದುರುಮನೆಯವಳನ್ನ ಹೊಗಳಿ ನನ್ನ ಹೊರಡಿಸಿದ್ದು ಗೊತ್ತಾಗಲಿಲ್ಲ ಅಂದ್ಕೊಂಡ್ಯಾ? ಗೊತ್ತಿದ್ದೇ ಬಂದೆ ಕಣೇ. ನಾನು ಬದುಕಲಿ ಅಂತ ಅಷ್ಟು ಒದ್ದಾಡ್ತಿದ್ದೆಯಲ್ಲ, ಹೆಂಗೆ ಬರದೇ ಇರ್ಲಿ? ಏಳು, ಹೇಳು."